ಅಬು ಹಮದರ ಕ್ಯಾರವಾನ್ ಸೋರಿದ ಚಳಿಗಾಲ

ಹೋದ ತಿಂಗಳು ನಮ್ಮ ಅಕ್ಕನ ಮಗಳ ಮದುವೆ ಮೂಲ್ಕಿಯ ಹತ್ತಿರದ ಒಂದು ಬಯಲಿನಲ್ಲಿ ಆಯಿತು. ಹಾಲ್ ಸಿಕ್ಕಿರಲಿಲ್ಲ, ಹಾಗಾಗಿ ಶಾಮಿಯಾನ. ಶಾಮಿಯಾನದ ಹಿಂದೆ ಬಾಡಿಗೆಗೆ ತಂದ ಶೌಚಾಲಯದ ಗಾಡಿ. ಬಡಿಸುವವರಿಗೆ ನೀರಿನ ಪೈಪು ಎಳೆದುಕೊಡಲೆಂದು ಆ ಗಾಡಿಯ ಬದಿಯಿಂದ ಹೋಗುವಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಮೇಲೆ ಮಕ್ಕಳ ಚೂಯಿಂಗ್ ಗಮ್ಮಿನಂಥ ಸಿಹಿ, ಅಡಿಯಲ್ಲಿ ಕೊಳೆತ ಮಲದ ನಾತ. ಕಕ್ಕಸಿನ ಟ್ಯಾಂಕಿಗೆ ಸುರಿಯುವ ನೀಲಿ ಔಷಧದ ವಾಸನೆ ಅದು. ಬೇರೆಯವರು ಮೂಗು ಮುಚ್ಚಿಕೊಂಡು ಓಡಿದರು. ನಾನು ಅಲ್ಲೇ ನಿಂತುಬಿಟ್ಟೆ. ಬಲ ಅಂಗೈ ಯಾರಿಗೋ ಹೊಡೆದು ಬಂದ ಹಾಗೆ ಉರಿಯತೊಡಗಿತು.

ಎರಡು ಸಾವಿರದ ಹದಿನಾಲ್ಕರ ಚಳಿಗಾಲ. ದುಬೈಯ ಅಲ್ ಕುಸೈಸಿನ ಶೆಡ್ಡುಗಳ ಸಾಲಿನಲ್ಲಿ ಕ್ಯಾರವಾನ್ ರಿಪೇರಿ ಮಾಡುವ ಒಂದು ಯಾರ್ಡಿನಲ್ಲಿ ನಾನು ಪ್ಲಂಬರ್. ಕ್ಯಾರವಾನ್ ಎಂದರೆ ದೊಡ್ಡ ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆ. ಚಳಿ ಬಿದ್ದ ಕೂಡಲೇ ಅಲ್ಲಿಯ ಅರಬರು ಸಂಸಾರ ಸಮೇತ ಮರಳುಗಾಡಿಗೆ ಹೋಗಿ ಡೇರೆ ಹಾಕುತ್ತಾರೆ, ಆಗ ಈ ಚಕ್ರದ ಮನೆಯೂ ಹಿಂದೆ ಬರುತ್ತದೆ. ಅದರ ಹೊಟ್ಟೆಯಡಿ ಎರಡು ಕೊಳಕು ಟ್ಯಾಂಕು. ಒಂದಕ್ಕೆ ಸ್ನಾನದ, ಪಾತ್ರೆ ತೊಳೆದ ನೀರು, ಇನ್ನೊಂದಕ್ಕೆ ಕಕ್ಕಸಿನದು. ಎರಡಕ್ಕೂ ಒಂದೊಂದು ವಾಲ್ವು. ಅದೇನು ದೊಡ್ಡ ಯಂತ್ರವಲ್ಲ. ಎರಡು ರಬ್ಬರ್ ಬಳೆಗಳ ನಡುವೆ ಸರಿದಾಡುವ ಒಂದು ತೆಳ್ಳಗಿನ ಹಲಗೆ, ಅಷ್ಟೇ. ಹಿಡಿಕೆ ಎಳೆದರೆ ಬಾಯಿ ತೆರೆಯುತ್ತದೆ, ನೂಕಿದರೆ ಮುಚ್ಚುತ್ತದೆ. ಆದರೆ ಬೇಸಿಗೆಯಿಡೀ ಆ ಕ್ಯಾರವಾನುಗಳು ಕೆಂಡದಂಥ ಬಿಸಿಲಿನಲ್ಲಿ ಸುಮ್ಮನೆ ನಿಂತಿರುತ್ತವಲ್ಲ, ರಬ್ಬರು ಒಣಗಿ ಹಪ್ಪಳದ ಹಾಗೆ ಬಿರಿಯುತ್ತದೆ. ಅಕ್ಟೋಬರ್ ಬಂತೆಂದರೆ ಎಲ್ಲರ ಮನೆಯೂ ಒಟ್ಟಿಗೆ ಸೋರುತ್ತದೆ. ನಮಗೆ ಅದೇ ಸೀಸನ್.

ಫೋರ್ಮನ್ ಲ್ಯಾನ್ಸಿ, ಬಜಪೆ ಕಡೆಯವರು, ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ ನಮಗೆ ಪೊರ್ಬುಗಳು. ಶುಕ್ರವಾರ ಇಗರ್ಜಿಯಲ್ಲಿ ಕಣ್ಣು ಮುಚ್ಚಿ ಹಾಡುವವರು, ಶನಿವಾರ ಬೆಳಿಗ್ಗೆ ಸ್ಪ್ಯಾನರ್ ಎಸೆಯುವವರು. ಎಸೆಯುವ ಮೊದಲು ಯಾರ ಮೇಲೆ ಎಂದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಶೆಡ್ಡಿನ ತಗಡಿನ ಗೋಡೆ ಸಿಡುಬು ಬಂದ ಮುಖದಂತಿತ್ತು. ಹೊಸಬರು ಅದೇನೆಂದು ಕೇಳಿದರೆ ನಾವು, "ಪೊರ್ಬುಗಳ ಹಾಜರಿ ಪುಸ್ತಕ" ಎನ್ನುತ್ತಿದ್ದೆವು.

ನನ್ನ ಜೊತೆಗಾರ ಈರಪ್ಪ, ಗದಗಿನ ಆಚೆ ರೋಣದವನು. ಫಿಟ್ಟರ್. ನನಗಿಂತ ಐದಾರು ವರ್ಷ ಚಿಕ್ಕವನು, ಎತ್ತಿನ ಹೆಗಲು, ಕತ್ತರಿ ನಾಲಿಗೆ. ಅವನ ಹೆಂಡತಿ ನೀಲವ್ವ ದೇರಾದ ಒಂದು ಆಸ್ಪತ್ರೆಯಲ್ಲಿ ಆಯಾ. ಮೂರು ವರ್ಷ ಗಂಡ ಇಲ್ಲಿ, ಹೆಂಡತಿ ಊರಲ್ಲಿ ಎಂದು ಕಳೆದ ಮೇಲೆ ಆ ವರ್ಷದ ಮಳೆಗಾಲಕ್ಕೆ ಅವಳಿಗೆ ವೀಸಾ ಸಿಕ್ಕಿ ಬಂದಿದ್ದಳು. ಅವಳು ಆಸ್ಪತ್ರೆಯ ಹೆಂಗಸರ ಕ್ಯಾಂಪಿನಲ್ಲಿ, ಅವನು ನಮ್ಮ ಕ್ಯಾಂಪಿನಲ್ಲಿ. ಆದರೂ ಶುಕ್ರವಾರಕ್ಕೊಮ್ಮೆ ಒಂದೇ ಊರಿನ ಗಾಳಿ ಕುಡಿಯಬಹುದಲ್ಲ. ಈರಪ್ಪನಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಅಷ್ಟೇ.

ನಾನು ತಲೆಗೆ ತೆಂಗಿನೆಣ್ಣೆ ಹಚ್ಚುವುದು ಅವನಿಗೆ ದಿನದ ತಮಾಷೆ. "ಶೆಟ್ಟರ, ನಿಮ್ಮ ಕಡೆ ಮಂದಿ ಹುಟ್ಟಿದಾಗ ಹಾಲು ಕುಡೀತೀರೋ, ಕೊಬ್ರಿ ಎಣ್ಣಿ ಕುಡೀತೀರೋ?"

"ಎರಡೂ ಕುಡೀತೇವೆ ಮಾರಾಯ. ಅದಕ್ಕೇ ಮಂಡೆ ತಂಪು."

"ತಲಿ ತಂಪಿದ್ದರ ಹಿಂಗ್ಯಾಕ ಒದರ್ತೀರಿ?"

ನಗೆಯಾಡಲಿ, ಆದರೆ ನಮ್ಮ ಊರಿನಲ್ಲಿ ತೆಂಗಿನೆಣ್ಣೆ ಇಲ್ಲದ ಕೆಲಸ ಯಾವುದು? ಬಾಗಿಲ ತಿರುಗಣಿಗೆ ಅದೇ, ಬಾವಿಯ ರಾಟೆಗೆ ಅದೇ, ಹಸುವಿನ ಕೆಚ್ಚಲಿಗೆ ಅದೇ. ನಮ್ಮ ಅಜ್ಜ ಬಾವಿ ತೋಡುವವರ ಮೇಸ್ತ್ರಿ, ನಾನು ಮಾತು ಕಲಿತದ್ದು ಅವರ ಮಗ್ಗುಲಲ್ಲಿ ಕೂತು. ಕಬ್ಬಿಣ ಕಿರುಗುಟ್ಟಿದರೆ ಅವರು, "ಅದಕ್ಕೂ ಬಾಯಾರಿದೆ, ಎರಡು ಹನಿ ಬಿಡು" ಎನ್ನುತ್ತಿದ್ದರು. ಆ ಎರಡು ಹನಿಯೇ ಮುಂದೆ ನಮ್ಮಿಬ್ಬರ ತಲೆ ಒಡೆಸಿತು.

ಡಿಸೆಂಬರಿನಲ್ಲಿ ಅಬು ಹಮದ್ ಎಂಬ ಹಿರಿಯ ಅರಬರ ಕ್ಯಾರವಾನ್ ಬಂತು. ಅಮೆರಿಕದಿಂದ ತರಿಸಿದ್ದು, ಈರಪ್ಪನಿಗಿಂತ ವಯಸ್ಸಾದದ್ದು. ಕಕ್ಕಸಿನ ಟ್ಯಾಂಕಿನ ವಾಲ್ವು ತೊಟ್ಟಿಕ್ಕುತ್ತಿತ್ತು. ಹೊರಬಾಯಿಯ ಮುಚ್ಚಳ ಯಾವ ಕಾಲದಲ್ಲೋ ಒಡೆದುಹೋಗಿ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಆ ಜಾತಿಯ ಹಳೆ ಗಾಡಿಗಳಲ್ಲಿ ಪೈಪು ಮುದುಕರ ಬೆನ್ನಿನ ಹಾಗೆ, ಬಗ್ಗುವುದಿಲ್ಲ, ಬಗ್ಗಿಸಿದರೆ ಮುರಿಯುತ್ತದೆ. ನಾಲ್ಕು ಬೋಲ್ಟು ಬಿಚ್ಚುವುದು ಸುಲಭ. ಎರಡು ಪೈಪಿನ ನಡುವೆ ಕಚ್ಚಿಕೊಂಡ ವಾಲ್ವನ್ನು ಹೊರಗೆ ಎಳೆಯುವುದೇ ಯುದ್ಧ. ನಾವಿಬ್ಬರೂ ಗಾಡಿಯಡಿ ಅಂಗಾತ ಮಲಗಿದೆವು. ಈರಪ್ಪ ಹೆಗಲು ಕೊಟ್ಟು ಪೈಪನ್ನು ಮೇಲಕ್ಕೆ ನೂಕಿದ, ನಾನು ಮರದ ಬೆಣೆಯಿಟ್ಟು ಸುತ್ತಿಗೆಯಲ್ಲಿ ಹೊಡೆದೆ. ಟ್ಯಾಂಕು ತೊಳೆದೇ ಮಲಗಿದ್ದೆವು. ಆದರೂ ಮೂಲೆಯಲ್ಲಿ ಕಟ್ಟಿ ನಿಂತದ್ದು ಬೆಣೆ ಒಳಗೆ ಹೋದದ್ದೇ ತಡ ಹಂದಿಯ ಹಾಗೆ ನುಗ್ಗಿ ನನ್ನ ಎದೆಯ ಮೇಲೆ, ಅವನ ಗದ್ದದ ಮೇಲೆ ಬಿತ್ತು. ಉಗುಳಿದೆವು, ಬೈದೆವು, ಕೆಲಸ ಬಿಡಲಿಲ್ಲ. ಹಳೆ ರಬ್ಬರು ಕೈಗೆ ಬಂದಾಗ ಹುಡಿಹುಡಿಯಾಗಿತ್ತು.

ಹೊಸ ರಬ್ಬರು ಕೂರಿಸುವಾಗ ಹಚ್ಚಬೇಕಾದ ಸಿಲಿಕಾನ್ ಗ್ರೀಸಿನ ಟ್ಯೂಬು ಹಿಂಡಿದರೆ ಗಾಳಿ ಬಂತು. "ಗ್ರೀಸ್ ಮುಗಿದಿದೆ ಪೊರ್ಬುಗಳೇ" ಎಂದು ಕೂಗಿದೆ.

"ಗ್ರೀಸಿಗೆ ಕಾಯ್ತಾ ಕೂತರೆ ಆ ಅರಬಿ ಅಜ್ಜ ಬಂದು ನಮ್ಮ ಮಂಡೆಗೆ ಹಚ್ಚುತ್ತಾನೆ. ಮಧ್ಯಾಹ್ನಕ್ಕೆ ಗಾಡಿ ಹೊರಗೆ ಹೋಗ್ಬೇಕು. ಯಲ್ಲಾ, ಎಂತಾದರೂ ಮಾಡಿ ಮುಗಿಸು."

ಗಾಡಿಯ ಗ್ರೀಸು ರಬ್ಬರನ್ನು ತಿನ್ನುತ್ತದೆ ಎಂಬುದು ನನಗೆ ಗೊತ್ತಿತ್ತು. ತೆಂಗಿನೆಣ್ಣೆ ಯಾರನ್ನೂ ತಿನ್ನುವುದಿಲ್ಲ ಎಂಬುದು ನನ್ನ ಹುಟ್ಟಿನ ನಂಬಿಕೆ. ಈರಪ್ಪ ಹೊಸ ಬೋಲ್ಟು ತರಲು ಹೋದಾಗ ನನ್ನ ಚೀಲದಿಂದ ಬಾಟಲಿ ತೆಗೆದು, ಅಂಗೈಯಲ್ಲಿ ಉಜ್ಜಿ ಕರಗಿಸಿ, ಎರಡು ಹನಿಯ ಬದಲು ಧಾರಾಳವಾಗಿ ಸುರಿದೆ. ಹಲಗೆ ಹೋಗಿ ಕೂರುವ ಕಚ್ಚಿನಲ್ಲಿ ಎಣ್ಣೆ ನಿಂತಿತು. ಅವನಿಗೆ ಹೇಳಲಿಲ್ಲ. ಹೇಳಿದರೆ ವಾರವಿಡೀ ನಗುತ್ತಾನೆ. ಅವನು ಬಂದು ಬೋಲ್ಟು ಬಿಗಿದು, ತಲೆಗೆ ಹಳದಿ ಬಣ್ಣದ ಚುಕ್ಕೆ ಇಟ್ಟ. ನಮ್ಮ ಯಾರ್ಡಿನ ಕಟ್ಟಳೆ ಅದು. ನನ್ನದು ಕೆಂಪು, ಅವನದು ಹಳದಿ. ಕೊನೆಗೆ ಮುಟ್ಟಿದವನು ಚುಕ್ಕೆ ಇಡಬೇಕು, ಚುಕ್ಕೆ ಯಾರದೋ ತಪ್ಪೂ ಅವನದು. ಬಿಸಿಲಿನಲ್ಲಿ ಟ್ಯಾಂಕು ತುಂಬಿಸಿ ಪರೀಕ್ಷಿಸಿದೆವು. ಹಿಡಿಕೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಒಂದು ಹನಿ ಸೋರಲಿಲ್ಲ.

ಕ್ಯಾರವಾನಿನ ಜೊತೆಗೆ ಒಬ್ಬ ಕೆಲಸದವನನ್ನು ಕಳಿಸುವುದು ರೂಢಿ. ಈರಪ್ಪ ಹೋದ. ಅಲ್ ಐನ್ ರಸ್ತೆ ಬಿಟ್ಟು ಒಳಗೆ, ಮರಳಿನ ದಿಬ್ಬಗಳ ನಡುವೆ ಅಬು ಹಮದರ ಡೇರೆಗಳು. ಸೂರ್ಯ ಹುಟ್ಟುವ ಮೊದಲು ಕೊಳಚೆ ಹೀರುವ ಟ್ಯಾಂಕರು ಒಂದೊಂದೇ ಕ್ಯಾಂಪಿಗೆ ಬರುತ್ತದೆ. ಅದು ಬಂದಾಗ ಹಿಡಿಕೆ ಎಳೆದು ಖಾಲಿ ಮಾಡಿ, ಮತ್ತೆ ನೂಕಿ ಮುಚ್ಚುವುದು ಅವನ ಕೆಲಸ. ನಾಲ್ಕನೆಯ ಬೆಳಿಗ್ಗೆ ಟ್ಯಾಂಕರು ಮೊದಲ ಸಲ ಬಂತು, ಹಿಂದೆಯೇ ಫೋನೂ ಬಂತು. ಟ್ಯಾಂಕು ಖಾಲಿಯಾಗಿ ಮುಚ್ಚಿದ ಅರ್ಧ ಗಂಟೆಗೆ ಮನೆಮಂದಿ ಬಳಸಿದ್ದೆಲ್ಲ ಅಡಿಯಿಂದ ಹರಿದು, ಇಳಿಜಾರಿನಲ್ಲಿ ನೆಂಟರಿಗೆಂದು ಹಾಸಿದ್ದ ಜಮಖಾನದೊಳಗೆ ಇಂಗಿತ್ತು.

ಗಾಡಿ ಯಾರ್ಡಿಗೆ ವಾಪಸು ಬಂದಾಗ ಹತ್ತೂವರೆ. ಪೊರ್ಬುಗಳು ಕೈ ಬೀಸಿದರು. ಎರಡಡಿಯ ಪೈಪು ರೆಂಚು ಹಾರಿ ಬಂದು ಈರಪ್ಪನ ಹೆಗಲಿಗೆ ಬಡಿಯಿತು. ಹಸಿ ಮರಕ್ಕೆ ಬಡಿದಂಥ ಸದ್ದು. ಅವನು ಕೂತುಬಿಟ್ಟ. ನಾವು ಟ್ಯಾಂಕಿಗೆ ನೀರು ಬಿಟ್ಟೆವು, ಮಧ್ಯಾಹ್ನದವರೆಗೆ ಕಾದೆವು. ಹನಿಯಿಲ್ಲ.

"ಎಲ್ಲಿ ಸೋರುದು?" ಪೊರ್ಬುಗಳು ಕೇಳಿದರು. "ನಿನ್ನ ಮೂಗಾ? ನಿದ್ದೆಗಣ್ಣಲ್ಲಿ ಅರ್ಧ ನೂಕಿ ಮಲಗಿದ್ದೀ ಬೇವರ್ಸಿ."

"ಪೂರ್ತಿ ಒತ್ತೀನ್ರೀ. ನನ್ನ ತಾಯಾಣಿ ಒತ್ತೀನಿ."

ಮತ್ತೆ ಕಳಿಸಿದರು. ಮೂರನೆಯ ದಿನ ಮತ್ತೆ ಸೋರಿತು, ಮತ್ತೆ ತಂದರು, ನಡುಹಗಲಿಗೆ ಮತ್ತೆ ಒಣ. ಆ ದಿನ ಎಲ್ಲಕ್ಕೂ ಹುಚ್ಚು ಹಿಡಿದಿತ್ತು. ಉತ್ತರದಿಂದ ಎದ್ದ ಗಾಳಿ ಮರಳನ್ನು ಮುಷ್ಟಿ ಮುಷ್ಟಿಯಾಗಿ ಎತ್ತಿ ಮುಖಕ್ಕೆ ಹೊಡೆಯುತ್ತಿತ್ತು, ತಗಡಿನ ಮಾಡು ಒಂದು ಮೂಲೆಯಲ್ಲಿ ಕಿತ್ತು ಡೋಲು ಬಡಿಯುತ್ತಿತ್ತು. ಪೊರ್ಬುಗಳು ಆ ಸದ್ದಿಗಿಂತ ಮೇಲೆ ಕೂಗಿದರು, "ಖಲಾಸ್. ನಿಂದು ಕ್ಯಾನ್ಸಲ್. ಪಾಸ್‌ಪೋರ್ಟ್ ಟೈಪಿಂಗಿಗೆ ಹೋಗ್ತದೆ, ಗುರುವಾರ ವಿಮಾನ."

ಕ್ಯಾನ್ಸಲ್ ಎಂದರೆ ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಬರೆಸಿ ವೀಸಾಕ್ಕೆ ಕತ್ತರಿ, ಅದರ ಮೇಲೆ ಮತ್ತೆ ಆ ನೆಲಕ್ಕೆ ಬಾರದಂತೆ ತಡೆ. ನೀಲವ್ವ ಇಲ್ಲಿ, ಈರಪ್ಪ ಅಲ್ಲಿ. ಅವನ ಮುಖದ ರಕ್ತ ಇಳಿದದ್ದು ಮರಳಿನ ಹುಡಿಯ ಮೂಲಕವೂ ಕಂಡಿತು. ಅವನು ನನ್ನತ್ತ ತಿರುಗಿದ.

"ಒಳಗ ಏನೋ ಅಡ್ಡ ಬರಾಕತ್ತೈತ್ರಿ. ಬೋಲ್ಟು ನಂದು, ಒಳಗಿನ ಕೆಲಸ ಇವರದು. ಶೆಟ್ಟರ ಒಳಗ ಏನ್ ಮಾಡ್ಯಾರ ಅಂತ ಅವರನ್ನ ಕೇಳ್ರಿ."

ಹದಿನೆಂಟು ವರ್ಷ ಪ್ಲಂಬರ್ ಕೆಲಸ ಮಾಡಿದವನು ನಾನು. ಹತ್ತು ಜನರ ಎದುರು ಫಿಟ್ಟರ್ ಒಬ್ಬ ನನ್ನ ಕೆಲಸಕ್ಕೆ ಬೆರಳು ತೋರಿಸಿದ. "ನಿನ್ನ ಹಳದಿ ಚುಕ್ಕೆ ಉಂಟಲ್ಲ ಅಲ್ಲಿ, ಕಣ್ಣು ಕಾಣುದಿಲ್ವಾ?" ಎಂದೆ.

"ಚುಕ್ಕಿ ನಂದು. ಕಳ್ಳತನ ನಿಮ್ದು."

ಅಷ್ಟೇ ಅವನು ಹೇಳಿದ್ದು. ನನ್ನ ಬಲ ಅಂಗೈ ಬೀಸಿಹೋಗಿ ಅವನ ಎಡ ಕಪಾಳಕ್ಕೆ, ಕಿವಿಯ ಮೇಲೆ ಚಪ್ಪಟೆಯಾಗಿ ಬಿತ್ತು. ಅವನು ಬೀಳಲಿಲ್ಲ. ಗೂಳಿಯಂತೆ ತಲೆ ತಗ್ಗಿಸಿ ಬಂದು ನನ್ನ ಹೊಟ್ಟೆಗೆ ಗುದ್ದಿದ. ಇಬ್ಬರೂ ಉರುಳಿದೆವು. ಅವನ ಮೊಣಕೈ ನನ್ನ ಹಲ್ಲೊಂದನ್ನು ತೆಗೆಯಿತು, ನಾನು ಅವನ ಕೂದಲು ಹಿಡಿದು ನೆಲಕ್ಕೆ ಕುಟ್ಟಿದೆ, ಒಮ್ಮೆಯಲ್ಲ. ಯಾರೋ ನೀರಿನ ಪೈಪು ತಿರುಗಿಸಿ ನಾಯಿಗಳನ್ನು ಬಿಡಿಸುವ ಹಾಗೆ ನಮ್ಮನ್ನು ಬಿಡಿಸಿದರು. ಎದ್ದು ನೋಡಿದರೆ ಅವನ ಎಡಕಿವಿಯಿಂದ ತೆಳ್ಳಗೆ ರಕ್ತ ಇಳಿದು ಕಾಲರಿನೊಳಗೆ ಹೋಗುತ್ತಿತ್ತು. ಅದನ್ನು ಅವನು ಒರೆಸಿಕೊಳ್ಳಲೂ ಇಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗ ನಾನು ಪಕ್ಕದ ಬೆಂಚಿನಲ್ಲಿ ಬಾಯಿಗೆ ಬಟ್ಟೆ ಹಿಡಿದು ಕೂತಿದ್ದೆ. ಹೊಡೆದಾಟ ಎಂಬ ಮಾತು ಅವನ ಬಾಯಿಂದ ಬಂದರೆ ಪೊಲೀಸು, ಜೈಲು, ನನಗೂ ಅದೇ ವಿಮಾನ. ಅವನಿಗೆ ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ, ಹೇಳಬಹುದಿತ್ತು. "ಏಣಿಯಿಂದ ಬಿದ್ದೆ" ಎಂದ. ನನ್ನತ್ತ ಹೆಬ್ಬೆರಳು ತೋರಿಸಿ, "ಇವರು ಹಿಡ್ಯಾಕ ಬಂದು ಇವರೂ ಬಿದ್ರು" ಎಂದ.

ಸಂಜೆ ನೀಲವ್ವ ಕ್ಯಾಂಪಿನ ಗೇಟಿಗೆ ಬಂದಳು. ಸಣ್ಣ ಆಳು, ಆಸ್ಪತ್ರೆಯ ನೀಲಿ ಅಂಗಿಯಲ್ಲೇ ಬಂದಿದ್ದಳು. ಅಳುತ್ತಾಳೆಂದುಕೊಂಡೆ. "ಅಣ್ಣಾರ, ನಿಮ್ಮ ಕೈ ತೋರಸ್ರಿ" ಎಂದಳು. ತೋರಿಸಿದೆ. ಅಂಗೈಯನ್ನೇ ನೋಡಿದಳು. "ಅಷ್ಟು ದೊಡ್ಡದೇನಿಲ್ಲ ಬಿಡ್ರಿ" ಎಂದು ಹೇಳಿ ಒಳಗೆ ಹೋದಳು. ಪೊರ್ಬುಗಳ ರೆಂಚು ನನ್ನ ಮೇಲೆ ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಕ್ಯಾರವಾನಿನ ಜೊತೆ ನನ್ನನ್ನೇ ಕಳಿಸಿದರು. ರಾತ್ರಿ ಅಲ್ಲೇ ಕಳೆದು ಬುಧವಾರದ ಬೆಳಗು. ಮರಳುಗಾಡಿನ ಚಳಿ ನಮ್ಮ ಊರಿನವರಿಗೆ ಅರ್ಥವಾಗುವ ಚಳಿಯಲ್ಲ. ಹಗಲು ಸುಟ್ಟ ಮರಳು ಬೆಳಗಿನ ಜಾವಕ್ಕೆ ಕಬ್ಬಿಣದ ಹಾಗೆ ಕೊರೆಯುತ್ತದೆ. ಟ್ಯಾಂಕರು ಬಂದು ಹೀರಿಕೊಂಡು ಹೋಯಿತು. ನಾನು ಹಿಡಿಕೆ ನೂಕಿದೆ. ಹೋಯಿತು, ನಿಂತಿತು. ಮುಚ್ಚಿತು ಎಂದು ನನ್ನ ಕೈಯೇ ಸಾಕ್ಷಿ ಹೇಳಿತು. ಬಗ್ಗಿ ನೋಡಿದರೆ ಒಂದು ನೂಲಿನಷ್ಟು ಸಂದಿ. ಈರಪ್ಪನ ಕೈಯೂ ಇದನ್ನೇ ಹೇಳಿರಬೇಕು. ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಸುತ್ತಿಗೆ ತೆಗೆದು ಹಿಡಿಕೆಯ ತಲೆಗೆ ಹೊಡೆದೆ, ಮತ್ತೆ ಹೊಡೆದೆ. ಸರಳು ಮುರಿದು ಕೈಗೆ ಬಂತು. ಗಾಡಿಯಡಿ ನುಗ್ಗಿ ಬೋಲ್ಟು ಬಿಚ್ಚಿ, ಒಬ್ಬನೇ ಬೆಣೆ ಹೊಡೆದು, ಉಳಿದ ಕೊಳಚೆಯನ್ನೆಲ್ಲ ಮೈಮೇಲೆ ಬೀಳಿಸಿಕೊಂಡು ವಾಲ್ವನ್ನು ಕಿತ್ತು ತೆಗೆದೆ.

ಹಲಗೆ ಹೋಗಿ ಕೂರುವ ಕಚ್ಚಿನ ತುಂಬ ಬೆಳ್ಳಗೆ, ಗಟ್ಟಿಯಾಗಿ, ಮೇಣದ ಹಾಗೆ ಕೂತಿತ್ತು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದೆ. ಅಷ್ಟು ನಾತದ ನಡುವೆಯೂ ನನ್ನ ತಲೆಯದೇ ವಾಸನೆ. ಚಳಿಗಾಲದ ಬೆಳಗ್ಗೆ ನನ್ನ ಬಾಟಲಿಯೂ ಹೆಪ್ಪುಗಟ್ಟಿರುತ್ತಿತ್ತು, ದಿನಾ ಅಂಗೈಯಲ್ಲಿ ಉಜ್ಜಿ ಕರಗಿಸಿಯೇ ಹಚ್ಚುತ್ತಿದ್ದವನು ನಾನು. ಇಲ್ಲಿ ಬೆಳಗಿನ ಚಳಿಗೆ ಕಲ್ಲಾಗಿ ಹಲಗೆಯನ್ನು ತಡೆಯುತ್ತಿತ್ತು, ಯಾರ್ಡಿನ ನಡುಹಗಲ ಬಿಸಿಲಿಗೆ ಕರಗಿ ಸಾಧುವಾಗುತ್ತಿತ್ತು. ಊರಿನ ಬಾವಿಕಟ್ಟೆಯಲ್ಲಿ ಎಂದೂ ಗಟ್ಟಿಯಾಗದ ಎಣ್ಣೆ ಇಲ್ಲೂ ಆಗದು ಎಂದು ನನ್ನ ಕೈ ನಂಬಿತ್ತು.

ಅಬು ಹಮದ್ ಕಾಫಿಯ ಬಟ್ಟಲು ಹಿಡಿದು ಬಂದು ಬಗ್ಗಿ ನೋಡಿದರು. ತಮ್ಮ ಮುರುಕು ಹಿಂದಿಯಲ್ಲಿ, "ಕಕ್ಕಸಿನಲ್ಲಿ ಬೆಣ್ಣೆ ಇಟ್ಟವರು ಯಾರು?" ಎಂದು ಕೇಳಿದರು.

"ನಾನು, ಬಾಬಾ" ಎಂದೆ.

ಒರೆಸಿ, ಹೊಸ ಗ್ರೀಸು ಹಚ್ಚಿ, ಬಾಯಿ ಮುಚ್ಚಿಕೊಂಡಿದ್ದರೆ ಲೋಕಕ್ಕೆ ತಿಳಿಯುತ್ತಿರಲಿಲ್ಲ. ಶೆಟ್ಟರು ಹೋಗಿ ಸರಿ ಮಾಡಿದರು, ಈರಪ್ಪ ಕೆಲಸ ಬಾರದವನು ಎಂದಾಗುತ್ತಿತ್ತು. ಹಾಗೆ ಅನ್ನಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಪಿಕಪ್ಪಿನಲ್ಲಿ ಬರುವಾಗ ದಾರಿಯ ಅರ್ಧದವರೆಗೂ ಆ ಲೆಕ್ಕವನ್ನೇ ಹಾಕಿದೆ. ಮರಳು ಗಾಜಿಗೆ ಚಾಟಿಯ ಹಾಗೆ ಬಡಿಯುತ್ತಿತ್ತು, ಮುಂದಿನ ಗಾಡಿ ಕಾಣುತ್ತಿರಲಿಲ್ಲ. "ಏಣಿಯಿಂದ ಬಿದ್ದೆ" ಎಂಬ ಮಾತು ಮಾತ್ರ ಕೇಳುತ್ತಿತ್ತು. ಅವನು ನನಗಾಗಿ ಒಂದು ಸುಳ್ಳು ಹೇಳಿದ್ದ; ನಾನು ಅವನಿಗಾಗಿ ಒಂದು ನಿಜ ಹೇಳದಿದ್ದರೆ ಅಜ್ಜನ ಮಗ್ಗುಲಲ್ಲಿ ಮಾತು ಕಲಿತದ್ದಾದರೂ ಯಾತಕ್ಕೆ?

ನಾರುವ ಮೈಯಲ್ಲೇ ನೇರ ಪೊರ್ಬುಗಳ ಕ್ಯಾಬಿನ್ನಿಗೆ ಹೋದೆ. ಮೇಜಿನ ಮೇಲೆ ಈರಪ್ಪನ ಪಾಸ್‌ಪೋರ್ಟು, ಅದರಡಿ ಟೈಪಾದ ಕಾಗದ. ವಾಲ್ವನ್ನು ಆ ಕಾಗದದ ಮೇಲೆಯೇ ಇಟ್ಟೆ. ದಾರಿಯುದ್ದಕ್ಕೂ ಅದನ್ನು ಎಂಜಿನ್ನಿನ ಬಿಸಿ ತಾಗದಂತೆ ಹಿಂದೆ ಗಾಳಿಗೆ ಕಟ್ಟಿ ತಂದಿದ್ದೆ, ಬಿಳಿ ಇನ್ನೂ ಪೂರ್ತಿ ಕರಗಿರಲಿಲ್ಲ. "ತೆಂಗಿನೆಣ್ಣೆ" ಎಂದೆ. "ಹಾಕಿದ್ದು ನಾನು. ಅವನಿಗೆ ಗೊತ್ತೂ ಇಲ್ಲ. ಹೆಸರು ತಿದ್ದಿ ನನ್ನದು ಬರೀರಿ."

ಸ್ಟೇಪ್ಲರ್ ಬಂದದ್ದು ನನಗೆ ಕಾಣಿಸಲಿಲ್ಲ. ಹುಬ್ಬಿನ ಮೇಲೆ ಬಿತ್ತು, ಕಣ್ಣಿಗೆ ಬಿಸಿಯಾಗಿ ಇಳಿಯಿತು. ಆಮೇಲೆ ಕ್ಯಾಲ್ಕುಲೇಟರ್, ಆಮೇಲೆ ಚಹಾದ ಲೋಟ. ನಾನು ಸರಿಯಲಿಲ್ಲ. ಎಸೆಯಲು ಕೈಗೆ ಏನೂ ಸಿಗದಾದಾಗ ಅವರು ಕುರ್ಚಿಯಲ್ಲಿ ಕುಸಿದರು. ಬಾಗಿಲಲ್ಲಿ ಜನ ನೆರೆದಿದ್ದರು, ಅವರ ನಡುವೆ ಕಿವಿಗೆ ಹತ್ತಿ ತುರುಕಿದ ಈರಪ್ಪ.

"ಗ್ರೀಸ್ ಇಲ್ಲ ಅಂತ ನೀನು ಹೇಳಿದ್ದೆ" ಎಂದರು ಪೊರ್ಬುಗಳು, ಮೇಜಿನೊಂದಿಗೆ ಮಾತಾಡುವವರ ಹಾಗೆ. ವಾಲ್ವಿನಡಿಯಿಂದ ಕಾಗದ ಎಳೆದು ನಾಲ್ಕು ತುಂಡು ಮಾಡಿದರು. "ನಿಂದು ಬರೆದರೆ ಸೀಸನ್ನಿಗೆ ಪ್ಲಂಬರ್ ಯಾರು, ನಿನ್ನಜ್ಜನಾ? ಹೋಗು, ಸ್ನಾನ ಮಾಡು. ನಾರ್ತಾ ಇದ್ದೀ."

ಈರಪ್ಪ ನನ್ನ ಹತ್ತಿರ ಬಂದ. ಹೊಡೆಯುತ್ತಾನೆಂದು ಮುಖ ಒಡ್ಡಿ ನಿಂತೆ, ಹೊಡೆದರೆ ಸಾಕು ಎಂದು. ಅವನು ವಾಲ್ವನ್ನು ಎತ್ತಿ ಬಿಳಿಯನ್ನು ನೋಡಿದ, ಬೆರಳಲ್ಲಿ ತೆಗೆದ. "ಥೂ, ಕರಾವಳಿ ಮಂದಿ" ಎಂದ. ವಾಲ್ವು ಹಿಡಿದುಕೊಂಡು ಶೆಡ್ಡಿಗೆ ಹೋದ.

ಅವನ ವೀಸಾ ಉಳಿಯಿತು, ಕಿವಿ ಉಳಿಯಲಿಲ್ಲ. ಒಳಗಿನ ತಮಟೆ ಹರಿದ ಜಾಗದಲ್ಲಿ ಕೀವು ತುಂಬಿತು. ನೀಲವ್ವ ತನ್ನ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದಳು, ನಾಲ್ಕು ತಿಂಗಳು ಕಿವಿಗೆ ಔಷಧ ಬಿಟ್ಟಳು. ಎಡಗಡೆ ಏನೂ ಕೇಳಿಸದು ಎಂದು ಮುಂದಿನ ವರ್ಷದ ಬೇಸಿಗೆಗೆ ಖಚಿತವಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಅವರು ತಮ್ಮದೇ ಮೂಗಿನ ಮಾತು ಹೇಳಿದ್ದು. ಇನ್ನೊಬ್ಬನ ಕಿವಿಗೆ ಗಾದೆಯಿಲ್ಲ.

ಆಮೇಲೂ ನಾಲ್ಕು ವರ್ಷ ನಾವು ಒಂದೇ ಗಾಡಿಯಡಿ ಮಲಗಿ ದುಡಿದೆವು. ನಾನು ಅವನ ಬಲಬದಿಗೆ ಮಲಗಬೇಕು, ಇಲ್ಲವಾದರೆ "ಬೋಲ್ಟು ಹಿಡಿ" ಎಂದದ್ದೂ ತಲುಪದು. ಜಾಗ ಇಕ್ಕಟ್ಟಾಗಿದ್ದಾಗ ಅವನ ಕಾಲ ಬುಡದಿಂದ ತೆವಳಿ ಸುತ್ತಿ ಹೋಗುತ್ತಿದ್ದೆ. ಬಸ್ಸಿನಲ್ಲಿ, ಊಟದಲ್ಲಿ, ಎಲ್ಲೆಲ್ಲೂ ಬಲಬದಿ ನನ್ನದು. ನನಗೆ ಹೇಳಲಿಕ್ಕೆ ಇದ್ದದ್ದು ಒಂದೇ ಮಾತು, ತಪ್ಪಾಯಿತು ಎಂಬುದು. ಅದು ಗಂಟಲವರೆಗೆ ಬಂತೆಂದು ನನ್ನ ಮುಖ ನೋಡಿದರೇ ಅವನಿಗೆ ತಿಳಿಯುತ್ತಿತ್ತು. ತಕ್ಷಣ ಎದ್ದು ಚಹಾ ತರಲು ಹೋಗುತ್ತಿದ್ದ, ಇಲ್ಲವೇ ಗ್ರೈಂಡರ್ ಚಾಲೂ ಮಾಡುತ್ತಿದ್ದ.

ನಾನು ದುಬೈ ಬಿಟ್ಟು ಬರುವ ದಿನ ಗಂಡ ಹೆಂಡತಿ ಇಬ್ಬರೂ ವಿಮಾನ ನಿಲ್ದಾಣಕ್ಕೆ ಬಂದಿದ್ದರು. ನೀಲವ್ವ ದಾರಿಗೆಂದು ಶೇಂಗಾ ಹಿಂಡಿ, ರೊಟ್ಟಿ ಕಟ್ಟಿದ್ದಳು. ಟ್ರಾಲಿ ನಿಲ್ಲಿಸಿ ನಾನು ಈರಪ್ಪನ ಬಲಕ್ಕೆ ಹೋಗಿ ನಿಂತೆ, ಬಾಯಿ ತೆರೆದೆ. ಅವನು ನನ್ನನ್ನು ನೋಡಿದ. ನಿಧಾನವಾಗಿ ತಿರುಗಿ ನಿಂತು, ಕೇಳದ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದ.

"ಹೇಳ್ರಿ ಶೆಟ್ಟರ" ಎಂದ.

ಆ ಕಿವಿಗೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಮುಗಿಯುವವರೆಗೂ ಅವನು ಬಗ್ಗಿಯೇ ನಿಂತಿದ್ದ.